ಅಂಟು ಬತ್ತಿದ ಡ್ರಾಸೆರಾ: ಮೊದಲು ನೀರು, ಕೊನೆಗೆ ಊಟ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಗೆಳೆಯರು ನನಗೆ ಕಳಿಸುವ ಚಿತ್ರಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಕೊರಿಯರ್‌ನಲ್ಲಿ ಬಂದ ಡ್ರಾಸೆರಾ (ಎಲೆಯ ಅಂಟುಹನಿಗಳಲ್ಲಿ ಹುಳು ಹಿಡಿದು ತಿನ್ನುವ ಗಿಡ), ಎಲೆಯ ಮೇಲೆ ಒಂದು ಹನಿ ಅಂಟೂ ಇಲ್ಲ, ಅಂಚೆಲ್ಲ ಕಂದು. ಜೊತೆಗಿರುವ ಮಾತೂ ಒಂದೇ: ಹೊಸ ಮಣ್ಣಿಗೆ ಹಾಕಿದೆ, ಬಿಸಿಲಿಗೆ ಇಟ್ಟೆ, ಇರುವೆ ತಿನ್ನಿಸಿದೆ, ಆದರೂ ಸಾಯುತ್ತಿದೆ. ಆದರೂ ಅಲ್ಲ, ಅದಕ್ಕೇ ಸಾಯುತ್ತಿದೆ. ಮೂರು ಉಪಚಾರಗಳನ್ನು ಒಂದೇ ದಿನ ಮಾಡಿದರೆ ಗಟ್ಟಿ ಗಿಡವೇ ತಡೆಯುವುದಿಲ್ಲ, ಸೊರಗಿದ್ದು ಹೇಗೆ ತಡೆದೀತು? ಮಾಡುವ ಕೆಲಸಗಳೆಲ್ಲ ಸರಿಯಾದವೇ, ಮಾಡುವ ಕ್ರಮ ಮಾತ್ರ ತಲೆಕೆಳಗು. ಆದ್ದರಿಂದ ಇಲ್ಲಿ ಬರೆದ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ಹೇಳುವುದು ಮುಖ್ಯವಾಗಿ ನರ್ಸರಿಗಳಲ್ಲಿ ಸಿಗುವ ಕೆಪೆನ್ಸಿಸ್, ಸ್ಪ್ಯಾಟುಲಾಟಾ, ಬೈನಾಟಾ, ಅಡೆಲೆ ಜಾತಿಗಳಿಗೆ ಹೊಂದುತ್ತದೆ. ನಮ್ಮ ಘಟ್ಟದ ಜಾತಿಗಳ ದಾರಿ ಬೇರೆ, ಅದನ್ನು ಕೊನೆಯಲ್ಲಿ ನೋಡೋಣ.

ಮೊದಲೇ ಕೈಗೆ ಸಿಗುವಂತಿರಬೇಕಾದ ಸಾಮಾನು

ಟಿಡಿಎಸ್ ಮೀಟರ್ ಒಂದು, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅಳೆಯುವ ಕಡ್ಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದಿಲ್ಲದೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ಪೆನ್ನಿನಂಥ ಈ ಕಡ್ಡಿಗಿಂತ ಮೊದಲು ಗೊಬ್ಬರ ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಉಳಿದವು ಸಣ್ಣಪುಟ್ಟವು: ಮುಚ್ಚಳವಿರುವ ಪಾರದರ್ಶಕ ಡಬ್ಬಿಗಳು (ಬೇಕರಿಯಿಂದ ತಿಂಡಿ ತಂದ ಡಬ್ಬಿ ಸಾಕು), ಹೊಸ ಬ್ಲೇಡು, ಚಿಮುಟ, 4 ಇಂಚಿನ ಪ್ಲಾಸ್ಟಿಕ್ ಕುಂಡ, ಅದರಡಿಗೆ ತಟ್ಟೆ, ಗೊಬ್ಬರ ಬೆರೆಸದ ಸ್ಫ್ಯಾಗ್ನಮ್ ಪೀಟ್ (ಜೌಗಿನ ಪಾಚಿ ಕೊಳೆತು ಆದ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), ಒಂದೆರಡು ಕ್ಯಾನ್ ಮಳೆನೀರು. ಮಣ್ಣಿನ ಕುಂಡ ನೋಡಲು ಚೆಂದ, ಆದರೆ ಅದರ ಗೋಡೆ ಲವಣವನ್ನು ಹೀರಿ ಕೂಡಿಸಿಟ್ಟುಕೊಳ್ಳುತ್ತದೆ. ಬೇಡ.

ಹಂತ 1: ಸತ್ತಿದೆಯೋ, ಬರೀ ಸುಸ್ತೋ

ಗಿಡವನ್ನು ಕೀಳದೆ, ಮುಟ್ಟದೆ, ನಡುವಿನ ಸುಳಿಯನ್ನು ನೋಡಿ. ಸುಳಿ ಹಸಿರಾಗಿದ್ದರೆ ಗಿಡ ಬದುಕಿದೆ; ಸುತ್ತಲಿನ ಎಲ್ಲ ಎಲೆಗಳೂ ಕಪ್ಪಾಗಿದ್ದರೂ ಸರಿಯೇ. ಸುಳಿಯೂ ಕಪ್ಪಾಗಿ ಮೆತ್ತಗಾಗಿದ್ದರೆ ಮೇಲಿನ ಭಾಗ ಹೋಯಿತು, ಆದರೆ ಕೆಪೆನ್ಸಿಸ್, ಬೈನಾಟಾ, ಅಡೆಲೆ ಮೂರೂ ಬೇರಿನಿಂದ ಮತ್ತೆ ಚಿಗುರಬಲ್ಲವು. ಅಂಥ ಕುಂಡವನ್ನು ತಟ್ಟೆ ನೀರಿನಲ್ಲಿ, ನೆರಳು ಬೆಳಕಿನಲ್ಲಿ ಎರಡು ತಿಂಗಳಾದರೂ ಇಟ್ಟುಕೊಳ್ಳಿ.

ಇಲ್ಲಿ ಬಹಳ ಜನ ಮೋಸ ಹೋಗುವುದು ಬೇರಿನ ಬಣ್ಣದಿಂದ. ಡ್ರಾಸೆರಾದ ಬೇರು ಹುಟ್ಟಾ ಕಪ್ಪು. ಕಾಫಿ ಸಸಿ, ಮೆಣಸಿನ ಬಳ್ಳಿ ನೋಡಿ ಬೆಳೆದ ಕಣ್ಣಿಗೆ ಕಪ್ಪು ಬೇರು ಎಂದರೆ ಕೊಳೆತ ಬೇರು. ಕತ್ತರಿಸಿ ಎಸೆದೇ ಬಿಡುತ್ತಾರೆ. ಗಟ್ಟಿಯಾಗಿ, ತಂತಿಯಂತೆ ಇದ್ದರೆ ಅದು ಆರೋಗ್ಯದ ಬೇರು. ಬೆರಳಿಗೆ ಲೋಳೆಯಾಗಿ ಅಂಟಿ ನಾತ ಹೊಡೆದರೆ ಮಾತ್ರ ಕೊಳೆತದ್ದು.

ಆಮೇಲೆ ಕಾರಣ ಹುಡುಕಿ. ಎಲೆ ಉದ್ದುದ್ದ, ಪೇಲವ ಹಸಿರು, ಕೆಂಪು ಒಂದಿಷ್ಟೂ ಇಲ್ಲ ಎಂದರೆ ಬೆಳಕು ಸಾಲದು. ಎಲೆಯ ಒಂದೇ ಮಗ್ಗುಲು ಒಣಗಿ ಕಾಗದದಂತಾಗಿದ್ದರೆ ಬಿಸಿಲು ಸುಟ್ಟಿದೆ. ತುದಿಗಳು ಕಂದಾಗಿ, ಸುಳಿ ಕುಗ್ಗಿ, ಕುಂಡದ ಮಿಶ್ರಣದ ಮೇಲೆ ಬಿಳಿ ಪೊರೆ ಕಂಡರೆ ನೀರಿನ ಲವಣ. ಹೊಸ ಎಲೆ ಸೊಟ್ಟಗೆ, ಮುದುರಿಕೊಂಡೇ ಹುಟ್ಟುತ್ತಿದ್ದರೆ ಭೂತಗನ್ನಡಿ ತಂದು ಸುಳಿಯಲ್ಲಿ ಗಿಡಹೇನು ಹುಡುಕಿ. ಮೊನ್ನೆ ಮೊನ್ನೆ ಕೊರಿಯರ್‌ನಲ್ಲಿ ಬಂದು ಅಂಟು ಮಾತ್ರ ಇಲ್ಲದಿದ್ದರೆ ಅದು ರೋಗವೇ ಅಲ್ಲ, ಪ್ರಯಾಣದ ದಣಿವು.

ಇನ್ನೊಂದು ವಿಷಯ. ಹಳೆಯ ಎಲೆಗೆ ಅಂಟು ಮರಳಿ ಬರುತ್ತದೆಂದು ಕಾಯಬೇಡಿ. ಕೆಲವಕ್ಕೆ ಬರುತ್ತದೆ, ಹಲವಕ್ಕೆ ಬರುವುದಿಲ್ಲ. ನಿಮ್ಮ ಉಪಚಾರ ಫಲಿಸಿತೋ ಇಲ್ಲವೋ ಎಂದು ಹೇಳುವುದು ಎರಡು ಮೂರು ವಾರದ ಮೇಲೆ ಬರುವ ಹೊಸ ಎಲೆ ಮಾತ್ರ.

ಹಂತ 2: ನೀರು, ಮೊದಲ ದಿನವೇ

ಡ್ರಾಸೆರಾ ಬೆಳೆಯುವುದು ಪೋಷಕಾಂಶ ತೀರ ಕಡಿಮೆ ಇರುವ ಜೌಗು ನೆಲದಲ್ಲಿ. ಅದರ ಬೇರಿಗೆ ಲವಣ ತಡೆದು ಗೊತ್ತಿಲ್ಲ. ಟಿಡಿಎಸ್ 50 ಪಿಪಿಎಂ (ಹತ್ತು ಲಕ್ಷ ಭಾಗ ನೀರಿನಲ್ಲಿ 50 ಭಾಗ ಲವಣ) ಒಳಗಿದ್ದರೆ ನಿಶ್ಚಿಂತೆ. 100ರವರೆಗೆ ಕೆಪೆನ್ಸಿಸ್ ಹೇಗೋ ನಿಭಾಯಿಸುತ್ತದೆ. ಅದರಾಚೆಗಿನ ನೀರನ್ನು ಸೊರಗಿದ ಗಿಡಕ್ಕೆ ತೋರಿಸಲೂ ಬೇಡಿ. ಕಡೂರು, ಅರಸೀಕೆರೆ ಕಡೆಯ ಕೊಳವೆ ಬಾವಿ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಕುಂಡದಲ್ಲೂ ಕಟ್ಟುತ್ತದೆ.

ನೀರಿನ ವಿಷಯದಲ್ಲಿ ಜನ ನಂಬಿ ಕೆಡುವ ಮೂಲಗಳು ಹಲವು. ಕುದಿಸಿ ಆರಿಸಿದ ನೀರು ಅವುಗಳಲ್ಲಿ ಮೊದಲನೆಯದು. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಕರಗಿದ ಲವಣವೆಲ್ಲ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಬಾಟಲಿಯ ಕುಡಿಯುವ ನೀರಿಗೆ ರುಚಿಗೆಂದು ಖನಿಜ ಬೆರೆಸಿರುವುದುಂಟು. ಮನೆಯ ಆರ್‌ಒ ಯಂತ್ರಗಳಲ್ಲೂ ಅನೇಕವು ಕೊನೆಯ ಹಂತದಲ್ಲಿ ಖನಿಜವನ್ನು ಮತ್ತೆ ಸೇರಿಸುತ್ತವೆ, ಅಳೆದರೆ 80, 120 ತೋರಿಸುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಕ್ಯಾನ್ ಪರವಾಗಿಲ್ಲ, ಆದರೆ ಇವತ್ತಿನ ಅಂಕಿ ಮುಂದಿನ ತಿಂಗಳೂ ಇರುತ್ತದೆನ್ನುವ ಭರವಸೆಯಿಲ್ಲ. ಪ್ರತಿ ಸಲವೂ ಅಳೆಯಿರಿ.

ಮಲೆನಾಡಿನವರಿಗೆ ಇದೆಲ್ಲ ತಲೆನೋವೇ ಬೇಡ, ಜೂನ್‌ನಿಂದ ಆಕಾಶವೇ ಕೊಡುತ್ತದೆ. ಆದರೆ ಹಿಡಿಯುವ ಬಗೆ ಸರಿಯಿರಬೇಕು. ಸಿಮೆಂಟ್ ಶೀಟು, ತಾರಸಿಯಿಂದ ಇಳಿದ ನೀರಿನಲ್ಲಿ ಸುಣ್ಣ ಬೆರೆತಿರುತ್ತದೆ. ಹಳೆಯ ಹೆಂಚಿನಿಂದ ಪಾಚಿ, ಎಲೆಕೊಳೆ. ಅಂಗಳದ ನಡುವೆ ತೊಳೆದ ಪ್ಲಾಸ್ಟಿಕ್ ಟಬ್ ಇಟ್ಟು, ಮೊದಲ ಅರ್ಧ ಗಂಟೆಯ ಮಳೆಯನ್ನು ಚೆಲ್ಲಿ, ಆಮೇಲಿನದನ್ನು ಹಿಡಿಯಿರಿ. ಬಟ್ಟೆಯಲ್ಲಿ ಸೋಸಿ, ಮುಚ್ಚಳ ಬಿಗಿದು ಕತ್ತಲಲ್ಲಿ ಇಟ್ಟರೆ ಬೇಸಿಗೆಯವರೆಗೂ ಬರುತ್ತದೆ. ಒಂದು ಗಿಡಕ್ಕೆ 20 ಲೀಟರಿನ ಮೂರು ಕ್ಯಾನ್ ಇದ್ದರೆ ಮಾರ್ಚ್‌ನಲ್ಲಿ ಯಾರ ಬಾಗಿಲಿಗೂ ಹೋಗಬೇಕಿಲ್ಲ. ತೋಟದ ಕೆರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಬೇಡ: ಕಾಫಿಗೆ ಹಾಕಿದ ಸುಣ್ಣ, ರಸಗೊಬ್ಬರ ಎಲ್ಲ ಹರಿದು ಸೇರುವುದು ಅಲ್ಲಿಗೇ.

ಲವಣ ಈಗಾಗಲೇ ಸೇರಿದ್ದರೆ ಕುಂಡವನ್ನು ತೊಳೆಯಬೇಕು, ಗಿಡವನ್ನು ಕೀಳದೆಯೇ. ಮಳೆನೀರನ್ನು ಕುಂಡದ ಅಂಚಿನಿಂದ, ಎಲೆಗೆ ತಾಗದಂತೆ, ನಿಧಾನವಾಗಿ ಹೊಯ್ಯಿರಿ. ತಳದಿಂದ ಇಳಿದದ್ದನ್ನು ಹಿಡಿದು ಅಳೆಯಿರಿ. ನನ್ನಲ್ಲಿಗೆ ಬಂದ ಒಂದು ಕುಂಡದ ಮೊದಲ ಇಳಿನೀರು 640 ತೋರಿಸಿತ್ತು. ಅದು ಗಿಡದ ಕುಂಡವೋ ಉಪ್ಪಿನಕಾಯಿ ಭರಣಿಯೋ ಎನಿಸಿತು. ಇಳಿನೀರು 100ಕ್ಕಿಂತ ಕೆಳಗೆ ಬರುವವರೆಗೂ ಹೊಯ್ಯಿರಿ, ನಾಲ್ಕೈದು ಲೀಟರ್ ಖರ್ಚಾದರೂ ಚಿಂತೆಯಿಲ್ಲ. ನಂತರ ತಟ್ಟೆಯಲ್ಲಿ 1 ಸೆಂಟಿಮೀಟರ್ ನೀರು ನಿಲ್ಲಿಸಿ ಕುಂಡವನ್ನು ಅದರಲ್ಲಿ ಕೂರಿಸಿ. ಮುಂದೆಯೂ ನೀರು ಕೊಡುವುದು ತಟ್ಟೆಗೇ.

ಕುಂಡದ ಮೇಲೆ "ಯಾರೂ ನೀರು ಹಾಕಬಾರದು" ಎಂದು ಚೀಟಿ ಅಂಟಿಸಿ. ನಗಬೇಡಿ. ನನ್ನ ಮೊದಲ ಸ್ಪ್ಯಾಟುಲಾಟಾ ಸತ್ತದ್ದು ಮನೆಯ ಹಿರಿಯರ ಕರುಣೆಯಿಂದ: ಪಾಪ, ಬಾಡಿದೆ ಎಂದು ವಾರವಿಡೀ ಅಕ್ಕಿ ತೊಳೆದ ನೀರು ಹೊಯ್ದಿದ್ದರು. ಪಕ್ಕದ ದಾಸವಾಳ ಅದೇ ನೀರಿಗೆ ಹೂಬಿಟ್ಟು ನಿಂತಿತ್ತು.

ಹಂತ 3: ಎರಡನೆಯ ದಿನ, ವಿಮೆಯ ಎಲೆ

ತಾಯಿಗಿಡ ಉಳಿಯುತ್ತದೋ ಇಲ್ಲವೋ ತಿಳಿಯದು. ಆದ್ದರಿಂದ ಮುಂದಿನ ಚಿಕಿತ್ಸೆಗೆ ಕೈ ಹಾಕುವ ಮೊದಲು ಅದರ ಒಂದು ಎಲೆಯನ್ನು ಬೇರೆಡೆ ಬದುಕಿಸಿ ಇಟ್ಟುಕೊಳ್ಳಿ. ನಾಲ್ಕಾದರೂ ಹಸಿರು ಎಲೆಗಳಿದ್ದರೆ ಎರಡು ತೆಗೆಯಬಹುದು. ಅದಕ್ಕಿಂತ ಕಡಿಮೆ ಇದ್ದರೆ ಒಂದೇ. ಒಂದೇ ಎಲೆ ಉಳಿದಿದ್ದರೆ ಮುಟ್ಟಬೇಡಿ.

ಆರಿಸಬೇಕಾದದ್ದು ನಡುವಯಸ್ಸಿನ ಎಲೆ. ತೀರ ಎಳೆಯದು ಕೊಳೆಯುತ್ತದೆ, ಮುದಿ ಎಲೆಗೆ ಮರಿ ಹಾಕುವ ತ್ರಾಣ ಇರುವುದಿಲ್ಲ. ಕೆಪೆನ್ಸಿಸ್ ಮತ್ತು ಬೈನಾಟಾದ ಉದ್ದನೆಯ ಎಲೆಯನ್ನು ಬ್ಲೇಡಿನಿಂದ 2ರಿಂದ 3 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ. ಸ್ಪ್ಯಾಟುಲಾಟಾದಂಥ ಚಕ್ರದಾಕಾರದ ಗಿಡದಲ್ಲಿ ಎಲೆಯನ್ನು ತೊಟ್ಟಿನ ಬುಡಸಹಿತ ಕೆಳಮುಖವಾಗಿ ಎಳೆದು ಬಿಡಿಸಬೇಕು. ಬುಡದ ಆ ಬಿಳಿ ಭಾಗ ಸೇರಿ ಬಂದರೆ ಫಲ ಹೆಚ್ಚು.

ಡಬ್ಬಿಯಲ್ಲಿ 2 ಸೆಂಟಿಮೀಟರ್ ಮಳೆನೀರು, ಅದರಲ್ಲಿ ತೇಲುವ ತುಂಡುಗಳು, ಮೇಲೆ ಮುಚ್ಚಳ. ಬೆಳಕು ಧಾರಾಳವಾಗಿರಬೇಕು, ನೇರ ಬಿಸಿಲು ಬೀಳಬಾರದು. ಮುಚ್ಚಿದ ಡಬ್ಬಿ ಬಿಸಿಲಿಗೆ ಸಿಕ್ಕರೆ ಅರ್ಧ ಗಂಟೆಯಲ್ಲಿ ಎಲೆ ಬೆಂದಿರುತ್ತದೆ. 20ರಿಂದ 27 ಡಿಗ್ರಿ ಶಾಖ ಹಿತ, ಚಿಕ್ಕಮಗಳೂರಿನ ಪಡಸಾಲೆಯಲ್ಲಿ ವರ್ಷದ ಹೆಚ್ಚು ಕಾಲ ಅದು ತಾನಾಗಿಯೇ ಇರುತ್ತದೆ.

ವಾರಕ್ಕೊಮ್ಮೆ ನೀರು ಬದಲಿಸುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಕಷ್ಟವಿರುವುದು ಸುಮ್ಮನೆ ಕೂರುವುದರಲ್ಲಿ. ಮೂರನೆಯ ವಾರಕ್ಕೆ ತುಂಡು ಕಂದು ಬಣ್ಣಕ್ಕೆ ತಿರುಗಿದಾಗ ಚೆಲ್ಲಿಬಿಡುತ್ತಾರೆ. ಚೆಲ್ಲಬೇಡಿ, ಕಂದಾದ ತುಂಡಿನಿಂದಲೂ ಮರಿ ಹೊರಡುತ್ತದೆ. ಬೂಷ್ಟು ಹಿಡಿದು ಹತ್ತಿಯಂತಾದರೆ ಅಥವಾ ಲೋಳೆಯಾಗಿ ಕರಗಿದರೆ ಆ ತುಂಡನ್ನು ಮಾತ್ರ ತೆಗೆದು ನೀರು ಬದಲಿಸಿ. ಮೂರರಿಂದ ಎಂಟು ವಾರದೊಳಗೆ ಎಲೆಯ ಮೇಲೆ ಹಸಿರು ಚುಕ್ಕೆಗಳು ಕಾಣುತ್ತವೆ, ಆಮೇಲೆ ಅವು ಸೂಜಿಮೊನೆಯಷ್ಟು ಪುಟ್ಟ ಡ್ರಾಸೆರಾಗಳಾಗುತ್ತವೆ. ಒಂದೇ ತುಂಡಿನಲ್ಲಿ ನಾಲ್ಕೈದು ಬಂದದ್ದೂ ಇದೆ.

ಹಂತ 4: ಬೆಳಕು, ಮೆಟ್ಟಿಲು ಮೆಟ್ಟಿಲಾಗಿ

ಮೊದಲ ವಾರ ತಾಯಿಗಿಡಕ್ಕೆ ತೆರೆದ ನೆರಳು: ಆಕಾಶ ಕಾಣಬೇಕು, ಬಿಸಿಲು ತಾಗಬಾರದು. ಎರಡನೆಯ ವಾರದಿಂದ ಬೆಳಗಿನ ಎಳೆಬಿಸಿಲು ಒಂದು ಗಂಟೆ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧರ್ಧ ಗಂಟೆ ಏರಿಸುತ್ತಾ ನಾಲ್ಕೈದು ಗಂಟೆಗೆ ತನ್ನಿ. ಅಡೆಲೆಗೆ ಮಾತ್ರ ನೇರ ಬಿಸಿಲು ಬೇಡ, ಅದು ಕಾಫಿಯಂತೆ ಮರದಡಿಯ ಬೆಳಕನ್ನು ಬಯಸುವ ಗಿಡ. ಹೊಸ ಎಲೆಯ ಕೂದಲೆಳೆಗಳು ಕೆಂಪಾಗಿ ತುದಿಯಲ್ಲಿ ಹನಿ ಕಟ್ಟಿದರೆ ಬೆಳಕು ಸರಿಹೋಗಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ.

ಜನವರಿಯಿಂದ ಮಾರ್ಚ್‌ವರೆಗೆ ಬೀಸುವ ಒಣ ಮೂಡುಗಾಳಿ ಅಂಟನ್ನು ಹೀರಿಬಿಡುತ್ತದೆ. ಆಗ ಗಿಡದ ಮೂರು ಪಕ್ಕ ಮರೆ ಮಾಡಿ, ತಟ್ಟೆಯನ್ನು ಅಗಲದ್ದಕ್ಕೆ ಬದಲಿಸಿ. ಪ್ಲಾಸ್ಟಿಕ್ ಚೀಲ ಮುಚ್ಚುವ ಉಪಾಯ ಮೊದಲ ಒಂದು ವಾರಕ್ಕೆ ಸರಿ, ಅದೂ ನಾಲ್ಕು ತೂತು ಹೊಡೆದು. ತಿಂಗಳುಗಟ್ಟಲೆ ಚೀಲದೊಳಗೆ ಬೆಳೆದ ಗಿಡ ಹೊರಗಿನ ಗಾಳಿಗೆ ಒಂದೇ ದಿನದಲ್ಲಿ ಜೋತುಬೀಳುತ್ತದೆ.

ಎಲೆಗೆ ನೀರು ಚಿಮುಕಿಸುವ ಅಭ್ಯಾಸ ಬಿಡಿ. ಅದರಿಂದ ಅಂಟು ತೊಳೆದುಹೋಗುತ್ತದೆ. ಇದ್ದ ಶಕ್ತಿಯನ್ನೆಲ್ಲ ಗಿಡ ಮತ್ತೆ ಅಂಟು ಕಟ್ಟಲು ಸುರಿಯಬೇಕಾಗುತ್ತದೆ.

ಹಂತ 5: ಮಣ್ಣು, ಬೇಕಿದ್ದರೆ ಮಾತ್ರ

ಗಿಡ ತೋಟದ ಮಣ್ಣಿನಲ್ಲಿ, ಗೊಬ್ಬರದ ಮಿಶ್ರಣದಲ್ಲಿ ಬಂದಿದ್ದರೆ ಅಥವಾ ಮಿಶ್ರಣ ಹುಳಿನಾತ ಹೊಡೆಯುತ್ತಿದ್ದರೆ ತಡಮಾಡದೆ ಬದಲಿಸಿ. ಉಳಿದಂತೆ ಹೊಸ ಎಲೆ ಎರಡು ಮೂರು ಬರುವವರೆಗೂ ಕಾಯಿರಿ.

ಅರ್ಧ ಪೀಟ್, ಅರ್ಧ ಪರ್ಲೈಟ್. ಇಷ್ಟೇ. ತಿಪಟೂರು, ಅರಸೀಕೆರೆಯ ತೆಂಗಿನ ನಾಡು ಪಕ್ಕದಲ್ಲೇ ಇರುವುದರಿಂದ ಕೊಕೊಪೀಟ್ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು, ಆದರೆ ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣ ಇರುತ್ತದೆ. ಮಳೆನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಿಂಡಿ, ಹಿಂಡಿದ ನೀರನ್ನು ಅಳೆದು, 50ರ ಒಳಗೆ ಬರುವವರೆಗೂ ಮತ್ತೆ ಮತ್ತೆ ತೊಳೆಯಬೇಕು. ಆರೇಳು ಸಲ ಹಿಡಿಯುತ್ತದೆ. ಇಷ್ಟು ತಾಳ್ಮೆ ಇರುವವರನ್ನು ನಾನು ಹೆಚ್ಚು ಕಂಡಿಲ್ಲ, ನನಗೂ ಇಲ್ಲ.

ಪರ್ಲೈಟ್ ಸಿಗದಿದ್ದರೆ ಸೋಸು ತೊಟ್ಟಿಗೆ ಬಳಸುವ ದಪ್ಪ ಸಿಲಿಕಾ ಮರಳು ಆದೀತು. ಒಂದು ಚಮಚ ಮರಳಿಗೆ ವಿನೆಗರ್ ಹಾಕಿ ನೋಡಿ, ನೊರೆಯೆದ್ದರೆ ಸುಣ್ಣವಿದೆ, ಬೇಡ. ಎಂ-ಸ್ಯಾಂಡ್ ಕೂಡ ಬೇಡ, ಅದು ಕಲ್ಲು ಪುಡಿ.

ಕೀಳುವಾಗ ಸಂಜೆ ಹೊತ್ತು ಆರಿಸಿ, ಬೇರಿನ ಸುತ್ತಲಿನ ಮುದ್ದೆಯನ್ನು ಮಳೆನೀರಿನಲ್ಲಿ ಅದ್ದಿ ತಾನಾಗಿ ಕಳಚಲು ಬಿಡಿ. ಸುಳಿ ಮಿಶ್ರಣದ ಮಟ್ಟಕ್ಕಿಂತ ತುಸು ಮೇಲಿರಬೇಕು; ಹೂತರೆ ಕೊಳೆಯುತ್ತದೆ. ನೆಟ್ಟ ಮೇಲೆ ಮತ್ತೆ ಒಂದು ವಾರ ತೆರೆದ ನೆರಳು.

ಬೇರು ಕೈಗೆ ಸಿಕ್ಕಿರುವ ಈ ಹೊತ್ತಿನಲ್ಲೇ ಎರಡನೆಯ ವಿಮೆಯನ್ನೂ ಮಾಡಿಕೊಳ್ಳಬಹುದು. ಕೆಪೆನ್ಸಿಸ್, ಬೈನಾಟಾ, ಅಡೆಲೆಯ ದಪ್ಪ ಬೇರೊಂದರ ತುದಿಯಿಂದ 3 ಸೆಂಟಿಮೀಟರ್ ತುಂಡು ಕತ್ತರಿಸಿ ತೇವದ ಪೀಟ್ ಮೇಲೆ ಅಡ್ಡಡ್ಡ ಮಲಗಿಸಿ, ಅರ್ಧ ಸೆಂಟಿಮೀಟರ್ ಪೀಟ್ ಉದುರಿಸಿ ಮುಚ್ಚಿ. ಒಂದೆರಡು ತಿಂಗಳಲ್ಲಿ ಹಸಿರು ಮೊಳಕೆ ಏಳುತ್ತದೆ. ಎಲೆಯ ತುಂಡಿಗಿಂತ ನಿಧಾನವೆನಿಸಿದರೂ ಬೇರಿನ ಮರಿ ಗಟ್ಟಿ.

ಹಂತ 6: ಡಬ್ಬಿಯ ಮರಿಗಳನ್ನು ಹೊರಗೆ ತರುವುದು

ನಿಜವಾದ ಸಾವು ನೋವು ಇಲ್ಲಿದೆ. ಮರಿ ಕಂಡ ಸಂಭ್ರಮಕ್ಕೆ ನೇರ ಕುಂಡಕ್ಕೆ ಹಾಕಿ ಕಿಟಕಿಯಲ್ಲಿಟ್ಟರೆ ಮರುದಿನ ಏನೂ ಇರುವುದಿಲ್ಲ.

ಮರಿಗೆ ಬೇರು ಕಾಣುವವರೆಗೆ, ಇಲ್ಲವೇ ಅರ್ಧ ಸೆಂಟಿಮೀಟರಿನಷ್ಟು ಅಗಲವಾಗುವವರೆಗೆ ನೀರಿನಲ್ಲೇ ಬಿಡಿ. ಆಮೇಲೆ ತಾಯಿ ಎಲೆಯಿಂದ ಬಿಡಿಸಲು ಹೋಗದೆ ಇಡೀ ತುಂಡನ್ನೇ ತೇವದ ಮಿಶ್ರಣದ ಮೇಲೆ ಮಲಗಿಸಿ, ಅದೇ ಡಬ್ಬಿಯೊಳಗೆ ಇಡಿ. ಮೊದಲ ವಾರ ಮುಚ್ಚಳ ಪೂರ್ತಿ ಮುಚ್ಚಿರಲಿ. ಎರಡನೆಯ ವಾರ ಬೆಂಕಿಕಡ್ಡಿಯಷ್ಟು ಸಂದು. ಮೂರನೆಯ ವಾರ ಅರ್ಧ ತೆರೆದಿರಲಿ. ಮರಿಯ ಮೇಲೆ ಮೊದಲ ಅಂಟುಹನಿ ಕಂಡ ದಿನ ಮುಚ್ಚಳ ತೆಗೆಯಿರಿ. ಹನಿ ಮಾಯವಾದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ, ನಾಚಿಕೆಯೇನಿಲ್ಲ.

ಹಂತ 7: ಊಟ

ಅಂಟು ಬಂದ ಹೊಸ ಎಲೆಗಳು ಮೂರು ಇರಬೇಕು, ಆಮೇಲೆ ಊಟದ ಮಾತು. ಅಂಟಿಲ್ಲದ ಎಲೆಗೆ ಹುಳು ಇಡುವುದು ಜ್ವರದವನಿಗೆ ಹೋಳಿಗೆ ಬಡಿಸಿದಂತೆ. ಅರಗದೆ ಬೂಷ್ಟು ಹಿಡಿಯುತ್ತದೆ, ಎಲೆಯೂ ಹೋಗುತ್ತದೆ.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಒಣ ಕೆಂಪುಹುಳು ಅಥವಾ ಮೀನಿನ ಗುಳಿಗೆಯನ್ನು ಪುಡಿಮಾಡಿ, ಒಂದು ಹನಿ ನೀರಿನಲ್ಲಿ ಕಲಸಿ, ಸಾಸಿವೆಗಿಂತ ಚಿಕ್ಕ ಕಣವನ್ನು ಚಿಮುಟದಿಂದ ಒಂದು ಎಲೆಗೆ ಇಡಿ. ಕೂದಲೆಳೆಗಳು ಬಾಗಿ ಅದನ್ನು ಆವರಿಸಿದರೆ ಎರಡು ಮೂರು ವಾರದ ಮೇಲೆ ಇನ್ನೊಂದು ಎಲೆಗೆ. ಅನ್ನ, ಮಾಂಸದ ಚೂರು ಬೇಡ. ಕುಂಡಕ್ಕೆ ಗೊಬ್ಬರ, ಜೀವಾಮೃತ, ಗಂಜಳ ಯಾವುದೂ ಬೇಡವೇ ಬೇಡ. ಹೊರಗಿಟ್ಟ ಗಿಡ ಸೊಳ್ಳೆ, ನುಸಿಗಳನ್ನು ತಾನೇ ಹಿಡಿದುಕೊಳ್ಳುತ್ತದೆ. ಅದಕ್ಕೆ ನೀವು ತುತ್ತು ಕೊಡಬೇಕಿಲ್ಲ.

ಚೇತರಿಸುತ್ತಿರುವ ಗಿಡ ಹೂದಂಡು ಎತ್ತಿದರೆ ಮನಸ್ಸು ಗಟ್ಟಿ ಮಾಡಿ ಕತ್ತರಿಸಿ. ಈ ವರ್ಷ ಹೂವು ಅದಕ್ಕೆ ದುಬಾರಿ.

ಹಂತ 8: ಮಳೆಗಾಲದ ಶತ್ರುಗಳು

ಜೂನ್ ಬಂದರೆ ಮಲೆನಾಡಿನಲ್ಲಿ ವಾರಗಟ್ಟಲೆ ಸೂರ್ಯನಿರುವುದಿಲ್ಲ. ಗಿಡವನ್ನು ಪಾರದರ್ಶಕ ಶೀಟಿನ ಕೆಳಗೆ ಗಾಳಿಯಾಡುವಲ್ಲಿ ಇಡಿ. ಒಳಗಿಡುವುದಾದರೆ ಬಿಳಿ ಎಲ್ಇಡಿ ಪಟ್ಟಿಯನ್ನು 15ರಿಂದ 20 ಸೆಂಟಿಮೀಟರ್ ಮೇಲೆ ಕಟ್ಟಿ ದಿನಕ್ಕೆ 12ರಿಂದ 14 ಗಂಟೆ ಉರಿಸಿ. ಒಣಗಿದ ಎಲೆಗಳನ್ನು ಆಗಾಗ ಕತ್ತರಿಸಿ ತೆಗೆಯಿರಿ, ಬೂದು ಬೂಷ್ಟು ಶುರುವಾಗುವುದು ಅವುಗಳಿಂದಲೇ.

ತೋಟದ ನಡುವೆ ಮನೆಯಿರುವವರಿಗೆ ಒಂದು ಎಚ್ಚರಿಕೆ. ಕಾಫಿಗೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗಿಡಗಳನ್ನು ಒಳಗೆ ತನ್ನಿ. ಮೈಲುತುತ್ತವೂ ಸುಣ್ಣವೂ ಸೇರಿದ ಆ ಮಂಜು ಗಾಳಿಯಲ್ಲಿ ತೇಲಿಬಂದು ತಟ್ಟೆಯ ನೀರಿಗೆ ಇಳಿದರೆ ನಿಮ್ಮ ತಿಂಗಳುಗಳ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅಂದು ಹಿಡಿದ ಮಳೆನೀರನ್ನೂ ಚೆಲ್ಲಿ.

ಹೇನು ಕಂಡರೆ ಬೇವಿನೆಣ್ಣೆ, ಸಾಬೂನು ಬಳಸಬೇಡಿ. ಎಳೆಯ ಎಲೆ ಸುಡುತ್ತದೆ. ಕುಂಡ ಸಮೇತ ಗಿಡವನ್ನು ಮಳೆನೀರಿನ ಬಕೆಟ್ಟಿನಲ್ಲಿ ಒಂದರಿಂದ ಎರಡು ದಿನ ಪೂರ್ತಿ ಮುಳುಗಿಸಿಡಿ. ಕೇಳಲು ಕ್ರೂರ, ಆದರೆ ಸಾಯುವುದು ಹೇನು, ಗಿಡವಲ್ಲ. ಹತ್ತು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಕೈಯಲ್ಲೇ ಆರಿಸುವುದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

ಬೀಜ, ಮತ್ತು ನಮ್ಮ ಘಟ್ಟದ ಜಾತಿಗಳು

ಚೇತರಿಸಿದ ಕೆಪೆನ್ಸಿಸ್ ಮುಂದಿನ ವರ್ಷ ಹೂ ಬಿಟ್ಟರೆ ತನ್ನಷ್ಟಕ್ಕೆ ಬೀಜ ಕಟ್ಟುತ್ತದೆ, ಒಂದು ದಂಡಿನಲ್ಲೇ ನೂರಾರು. ದಂಡು ಒಣಗಿದ ಮೇಲೆ ಬಿಳಿ ಕಾಗದದ ಮೇಲೆ ತಟ್ಟಿ. ತೇವದ ಮಿಶ್ರಣದ ಮೇಲೆ ಉದುರಿಸಬೇಕು, ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ಕೆಳಗಿನಿಂದಲೇ ನೀರು. ಎರಡರಿಂದ ಆರು ವಾರ. ಉಳಿದ ಬೀಜ ಕಾಗದದ ಲಕೋಟೆಯಲ್ಲಿ ಫ್ರಿಜ್‌ಗೆ.

ಪಶ್ಚಿಮ ಘಟ್ಟದ ಒದ್ದೆ ಹುಲ್ಲುಗಾವಲು, ಕಲ್ಲುಹಾಸುಗಳಲ್ಲಿ ಇಂಡಿಕಾ, ಬರ್ಮಾನಿ, ಪೆಲ್ಟಾಟಾ ಎಂಬ ಮೂರು ಡ್ರಾಸೆರಾಗಳಿವೆ. ಚಾರಣಕ್ಕೆ ಹೋದವರು ಕಿತ್ತು ತಂದು, ಸಾಯುತ್ತಿದೆ ಉಳಿಸಿ ಎಂದು ಕೇಳುತ್ತಾರೆ. ಉಳಿಸಲಾಗುವುದಿಲ್ಲ. ಇಂಡಿಕಾ ಒಂದು ವರ್ಷದ ಗಿಡ, ಬರ್ಮಾನಿಯೂ ಹೆಚ್ಚು ಕಡಿಮೆ ಹಾಗೆಯೇ. ಎರಡೂ ಎಲೆಯ ತುಂಡಿನಿಂದ ಸುಲಭಕ್ಕೆ ಏಳುವುದಿಲ್ಲ, ಬೀಜವೇ ದಾರಿ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದೂ ನೆನಪಿರಲಿ.

ಬೆಳೆಸಿದವರಿಂದ ಪಡೆದ ಪೆಲ್ಟಾಟಾ ನಿಮ್ಮಲ್ಲಿದ್ದರೆ ಮಾತು ಬೇರೆ. ಮಳೆ ಮುಗಿದು ಒಣಹವೆ ಶುರುವಾದಾಗ ಅದು ಮೇಲೆಲ್ಲ ಕಪ್ಪಾಗಿ ಒಣಗುತ್ತದೆ, ಬುಡದಲ್ಲಿ ಸಣ್ಣ ಗೆಡ್ಡೆ ಮಾತ್ರ ಉಳಿಯುತ್ತದೆ. ಇದು ಸಾವಲ್ಲ, ನಿದ್ದೆ. ತಟ್ಟೆಯ ನೀರು ತೆಗೆದು, ಮಿಶ್ರಣ ಬರೀ ತಣುಪಾಗಿರುವಂತೆ ನೋಡಿಕೊಂಡು, ಕುಂಡದ ಮೇಲೆ ಹೆಸರು, ತಿಂಗಳು ಬರೆದು, ಮನೆಯವರು ಖಾಲಿ ಕುಂಡವೆಂದು ಕೊತ್ತಂಬರಿ ಬಿತ್ತದ ಕಡೆ ಮಳೆಗಾಲದವರೆಗೆ ಎತ್ತಿಡಿ.